ಊಟ ಒಯ್ಯುವ ಬಸ್ಸು

ಉದ್ಯಾವರದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ನಿಂತಿದ್ದರು. ಹಿರಿಯಾಕೆಯ ಕೈಯಲ್ಲಿ ಟಿಫಿನ್ ಕ್ಯಾರಿಯರ್ ಇತ್ತು.

“ಬೆಂಗಳೂರಲ್ಲಿ ನನ್ನ ನಾದಿನಿಯ ಮನೆ ಹತ್ತಿರ ಮೆಟ್ರೋ ಶುರುವಾಗಿದೆ, ತೃಷಾ. ದಿನಾ ಫೋಟೋ ಕಳಿಸ್ತಾಳೆ. ನೋಡಿದರೆ ಹೊಟ್ಟೆ ಉರೀತದೆ.”

“ಅವರಿಗೆ ಇನ್ನು ಬಸ್ಸೇ ಬೇಡ ಅಲ್ವಾ ಅಕ್ಕ?”

“ಬೇಕಂದ್ರೂ ಇಲ್ಲ. ಮಾರ್ಕೆಟಿಗೆ ಸೀದಾ ಹೋಗ್ತಿದ್ದ ಬಸ್ಸು ಈಗ ಮೆಟ್ರೋ ಸ್ಟೇಷನ್‌ವರೆಗೆ ಮಾತ್ರ. ಆದರೂ ಎಂತ ಜಂಬ ಅವಳಿಗೆ!”

“ನೀವೆಂತ ಹೇಳಿದ್ರಿ?”

“ಉಡುಪಿಯಿಂದ ಮಣಿಪಾಲಕ್ಕೂ ಮೆಟ್ರೋ ಬರ್ತದೆ ಅಂತ ಒಂದು ಬಿಟ್ಟೆ.”

“ಅಯ್ಯೋ, ಸುಳ್ಳು! ಅವರಿಗೆ ಉರಿಯಿತಾ?”

“ಎಲ್ಲಿ! ಖುಷಿಯಾಯ್ತು ಮಾರಾಯ್ತಿ. ‘ಹಾಗಾದರೆ ಮಣಿಪಾಲದಲ್ಲಿ ಅಣ್ಣನ ಕೆಲಸದ ಜಾಗಕ್ಕೆ ಊಟ ಕೊಂಡುಹೋಗುವ ನಿಮ್ಮ ಬಸ್ಸೂ ಹೋಯ್ತು’ ಅಂತ ನಕ್ಕಳು.”

ಅಷ್ಟರಲ್ಲಿ ಮಣಿಪಾಲದ ಬಸ್ಸು ಬಂತು. ಕಂಡಕ್ಟರ್ ಏನೂ ಕೇಳದೆ ಕೈಚಾಚಿ ಟಿಫಿನ್ ತೆಗೆದುಕೊಂಡು ಡ್ರೈವರ್ ಪಕ್ಕದಲ್ಲಿಟ್ಟ. ತೃಷಾ ಹತ್ತಿದಳು, ನಾನೂ ಹತ್ತಿದೆ. ಹಿರಿಯಾಕೆ ಕೆಳಗೇ ನಿಂತು ಬಾಗಿಲಿನ ಕಂಬಿ ಹಿಡಿದಿದ್ದಳು.

“ನಾಳೆಯೂ ಈ ಬಸ್ಸು ಉಂಟಲ್ವಾ?”

“ಎಂತ ಅಕ್ಕ, ನಿನ್ನೆಯೂ ಇದನ್ನೇ ಕೇಳಿದ್ರಿ,” ಎಂದು ಕಂಡಕ್ಟರ್ ವಿಸಿಲ್ ಊದಿದ.