ಬಿಚ್ಚದ ಡಬ್ಬಿ

ಅಲ್ಲಾ ಕಣೋ, ನಗ್ತಿದ್ದೀಯಲ್ಲ! ಹಲ್ಲಿ ನೋಡಿ ನಗು ಬಂತಾ? ಬಾ, ಹತ್ತಿರ ಬಂದು ನೋಡು... ಒಣಗಿ ಕಡ್ಡಿ ಆಗಿದೆ ಪಾಪ. ಫ್ಯಾನ್ ರೆಕ್ಕೆ ಮೇಲೆ ಧೂಳು ನೋಡು, ಕಂಬಳಿ ಹೊದ್ದ ಹಾಗೆ! ಈ ಕಂಪ್ಯೂಟರ್ ಪವರ್ ಸಪ್ಲೈನ ನೀನು ಬಿಚ್ಚಿ, ಊದಿ, ಒರೆಸಿ, ಕೆಟ್ಟ ಕೆಪಾಸಿಟರ್ ತೆಗೆದು ಹೊಸದು ಹಾಕಿದ್ದಾ? ಹಲ್ಲಿ ಒಳಗೆ ಮಲಗಿದ್ದ ಹಾಗೇ?

ಹ್ಞಾಂ. ಈಗ ನಗು ನಿಂತೋಯ್ತು.

ಕಣ್ಣಿಲ್ಲದ ಮಕ್ಕಳ ಶಾಲೆಯವರು ಇಂಥ ಡಬ್ಬಿಗಳನ್ನೆಲ್ಲಾ ತಂದು ಈ ಟೇಬಲ್ ಮೇಲೆ ಇಟ್ಟಾಗ ಏನಂದಿದ್ರು? "ಓಡ್ತಾ ಇವೆ, ಆದ್ರೆ ವಯಸ್ಸಾಗಿದೆ, ಒಂದ್ಸಲ ಒಳಗೆಲ್ಲಾ ನೋಡಿಬಿಡಿ." ನನಗೆ ಆವಾಗ ಜ್ವರ. ನೀನು ಮನೆಗೆ ಬಂದು ಅಂದೆ, "ನಾನಿದ್ದೀನಲ್ಲ ಅಕ್ಕಾ, ನೀನು ಮಲಕ್ಕೋ." ಆ ಮಾತಿಗೇ ಅರ್ಧ ಜ್ವರ ಇಳಿದಿತ್ತು ನನಗೆ. ಪರವಾಗಿಲ್ಲ, ನಮ್ಮ ಪುಟ್ಟ ದೊಡ್ಡವನಾದ ಅಂದ್ಕೊಂಡೆ. ಕೆಲಸ ಇಲ್ದೆ ನನ್ನ ಅಂಗಡಿಗೆ ಬಂದಿದ್ದೆ ನೀನು... ಬೆಸುಗೆ ಹಾಕೋದು ಹೇಳಿಕೊಟ್ಟ ಮೊದಲನೇ ದಿನ ಕಾದ ತುದೀನೇ ಹಿಡ್ಕೊಂಡು ಬೀದಿಗೆಲ್ಲಾ ಕೇಳೋ ಹಾಗೆ ಕಿರುಚಿದ್ಯಲ್ಲ... ಯಾಕೆ ತಲೆ ತಗ್ಗಿಸ್ತೀಯ? ಅದಕ್ಕಲ್ಲ ನಾನು ಬೈತಿರೋದು.

ಇದಕ್ಕೆ. ಸ್ಕ್ರೂ ಮೇಲೆ ಈ ಕೆಂಪು ಚುಕ್ಕೆಗೆ! ಒಳಗೆಲ್ಲಾ ನೋಡಿ, ಲೋಡ್ ಕೊಟ್ಟು ಓಡಿಸಿ, ವೋಲ್ಟೇಜ್ ಅಳೆದು, ಆಮೇಲೇ ನಾನು ನೈಲ್ ಪಾಲಿಶ್ ಹಚ್ಚೋದು. "ಸ್ಕ್ರೂಗೂ ಸಿಂಗಾರಾನಾ ಅಕ್ಕಾ?" ಅಂತ ಗೇಲಿ ಮಾಡ್ತಿದ್ದೆ. ಈ ಚುಕ್ಕೆ ಇದ್ರೆ ಅಕ್ಕ ನೋಡಿದ್ದಾಳೆ ಅಂತ ಕಣೋ. ಅದನ್ನ ನಂಬಿ ಜನ ನೇರ ಹೋಗಿ ಕರೆಂಟಿಗೆ ಹಾಕ್ತಾರೆ. ನೀನು ಬಿಚ್ಚದೇನೇ ಚುಕ್ಕೆ ಇಟ್ಟೆ... ನನ್ನ ಶೀಶೆಯಿಂದ!

ಏನು? ಜೋರಾಗಿ ಹೇಳು... ಒಬ್ಬನೇ ಅಷ್ಟೊಂದು ಹೇಗೆ ಮಾಡ್ಲಿ ಅಂತೀಯಾ? ಆಗಲ್ಲ ಅಂತ ಒಂದು ಮಾತು ಹೇಳಿದ್ರೆ ಜ್ವರದಲ್ಲೇ ಎದ್ದು ಬರ್ತಿದ್ದೆನಲ್ಲೋ!

ಈ ಡಬ್ಬಿಯಿಂದ ಸುಟ್ಟಿದ್ದು ಯಾವ ಕಂಪ್ಯೂಟರ್ ಗೊತ್ತಾ? ರೆಕಾರ್ಡಿಂಗ್ ರೂಮಿನದು. ರಿಟೈರ್ ಆದ ಮೇಷ್ಟ್ರೊಬ್ಬರು ಮಕ್ಕಳಿಗೆ ಅಂತ ಕಥೆ ಓದಿ ರೆಕಾರ್ಡ್ ಮಾಡ್ತಿದ್ರು. ಕೆಮ್ಮು ಬಂದ್ರೆ "ತಡೀರಪ್ಪಾ" ಅಂತ ನೀರು ಕುಡಿದು ಮತ್ತೆ ಓದ್ತಿದ್ರು. ಈಗ ಅವರಿಲ್ಲ. ಅವರ ದನಿ ಇದ್ದಿದ್ದು ಆ ಒಂದು ಡಿಸ್ಕಲ್ಲಿ. ಇಲ್ನೋಡು, ಈ ಕೆಪಾಸಿಟರ್ ಹೊಟ್ಟೆ ಉಬ್ಬಿ ಒಡೆದಿದೆ. ವೋಲ್ಟೇಜ್ ಎಲ್ಲಿಗೆ ಏರ್ತೋ ಏನೋ, ಡಿಸ್ಕನ್ನೂ ತಿಂದ್ಹಾಕ್ತು. ಬೇರೆಲ್ಲೂ ಕಾಪಿ ಇಟ್ಟಿಲ್ವಂತೆ. ಒಂದು ಹುಡುಗಿ ಹೆಡ್‌ಫೋನ್ ಕಿವಿಗಿಟ್ಕೊಂಡು ಕೂತೇ ಇದ್ಲು, ಬೇಗ ಹಾಕಿ ಮಿಸ್, ಬೇಗ ಹಾಕಿ ಅಂತ...

ನನಗೆ ಹೇಗೆ ಗೊತ್ತು ಅಂದ್ರೆ? ಅಟೆಂಡರ್ ಹೇಳಿದ. ಡಬ್ಬಿ ತಂದುಕೊಟ್ಟ ಅಟೆಂಡರ್!

ನಾಳೆ ನಾನೇ ಹೋಗ್ತೀನಿ. ದೊಡ್ಡ ಟೀಚರ್ ಎದುರಿಗೆ ನಿಂತು ಹೇಳ್ತೀನಿ, ಚುಕ್ಕೆ ಇಟ್ಟಿದ್ದು ನಾನಲ್ಲ, ನನ್ನ ತಮ್ಮ ಅಂತ. ಕೇಳಿಸ್ತಾ? ನಿನ್ನ ಹೆಸರೇ ಹೇಳ್ತೀನಿ...

ಬೇಡ ಅಕ್ಕಾ ಅನ್ನಲ್ವಾ? ಹೆದರಿಕೆ ಆಗಲ್ವಾ ನಿನಗೆ?

ಯಾಕೋ ಹಾಗೆ ನೋಡ್ತೀಯ...

ಫೋನ್ ಬಂದಿತ್ತಾ? ದೊಡ್ಡ ಟೀಚರ್ ಮಾಡಿದ್ರಾ?

ಓ... ಅದಕ್ಕೇ ಹೆದರಿಕೆ ಇಲ್ಲ. ನಾನು ನಾಳೆ ಹೋಗಲ್ಲ ಅಂತ ಗೊತ್ತು ನಿನಗೆ.

ಹೂಂ. ಅಟೆಂಡರ್ ಬಂದಿರ್ಲಿಲ್ಲ. ಬೆಳಗ್ಗೆ ನಾನೇ ಹೋಗಿ ಈ ಡಬ್ಬಿ ತಂದೆ. ಆ ಹುಡುಗೀನ ನಾನೇ ನೋಡ್ದೆ. ದೊಡ್ಡ ಟೀಚರಿಗೆ, "ನನ್ನದೇ ತಪ್ಪು, ಕಣ್ಣು ಮಂಜಾಗಿದೆ, ಕಾಣ್ಲಿಲ್ಲ" ಅಂದುಬಂದೆ. ನಿನ್ನ ಹೆಸರು ಬಾಯಿಗೆ ಬಂತು ಕಣೋ... ಹೊರಗೆ ಬರ್ಲಿಲ್ಲ. ಅವರು, "ಹಾಗಾದ್ರೆ ಇನ್ಮೇಲೆ ನಿಮಗೆ ಬೇಡ, ತಮ್ಮನೇ ಮಾಡ್ಲಿ, ಅವರನ್ನೇ ಕೇಳ್ತೀವಿ" ಅಂದ್ರು. ಅವರು ಕೇಳಿದಾಗ ನೀನೇ ಅಂತೀಯ ಅಂದ್ಕೊಂಡೆ... ಅಕ್ಕ ಅಲ್ಲ ಟೀಚರ್, ನಾನು ಅಂತ.

ಇನ್ಮೇಲೆ ನೀನೇ ಮಾಡ್ತೀಯಾ ಅಂತ ಕೇಳಿದ್ರಾ?

ನೀನೇನಂದೆ?

ಪುಟ್ಟಾ... ಇಲ್ಲಿ ನೋಡು, ನನ್ನ ಮುಖ ನೋಡು. ಏನಂದೆ ಅವರಿಗೆ?

ಹೂಂ ಅಂದ್ಬಿಟ್ಯಾ.