ನೆಲ ಮುಟ್ಟದ ಮೊಮ್ಮಗ

ಯಾವುದೋ ಪೇಟೆಯಲ್ಲಿ ಒಬ್ಬ ಜವಳಿ ಸಾಹುಕಾರ ಇದ್ದ ಅಂತ ಇಟ್ಟುಕೊಳ್ಳಿ. ಮುಖ ಕಾಣುವಷ್ಟು ನುಣುಪಾದ ಕಲ್ಲನ್ನು ಮನೆಗೆ ಹಾಸಿಸಿದ್ದ. ಆ ನೆಲದ ಮೇಲೆ ನೆಂಟರು ಕೂರುತ್ತಿದ್ದರು, ಬೆಕ್ಕು ಮಲಗುತ್ತಿತ್ತು. ಮೊಮ್ಮಗ ಮಾತ್ರ ಅದನ್ನು ಮುಟ್ಟುವ ಹಾಗಿಲ್ಲ. ಶೀತವಾಗುತ್ತದೆ ಎಂದು ಅಜ್ಜಿ, ಧೂಳು ಎಂದು ಸೋದರತ್ತೆ. ಅಜ್ಜಿಯ ಸೊಂಟದಿಂದ ಸೋದರತ್ತೆಯ ಸೊಂಟಕ್ಕೆ, ಅಲ್ಲಿಂದ ಅಜ್ಜನ ಹೆಗಲಿಗೆ. ಮಗು ಅಂಚೆ ಚೀಲದ ಹಾಗೆ ಊರೆಲ್ಲ ತಿರುಗುತ್ತಿತ್ತು, ತನ್ನ ಕಾಲಲ್ಲಿ ಒಂದು ಗೇಣೂ ಹೋಗುತ್ತಿರಲಿಲ್ಲ.

ಮಗುವಿಗೆ ಹತ್ತು ತಿಂಗಳಾಯಿತು. ಎದುರುಮನೆಯ ಕೂಸು ಹೊಸ್ತಿಲು ದಾಟಿತೆಂದು ಹೋಳಿಗೆ ಬಂತು. ಅಜ್ಜಿಗೆ ಆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ.

"ನಮ್ಮನೇಲಿ ಯಾರೂ ಹೀಗಿರ್ಲಿಲ್ಲಮ್ಮ," ಎಂದರು ಸೊಸೆಗೆ. "ನಿಮ್ಮ ಕಡೆಯೋರೇ ಸ್ವಲ್ಪ ನಿಧಾನ, ಅಲ್ವಾ?"

ನೋಡಿ, ಮಗು ಗೆದ್ದರೆ ನಮ್ಮ ವಂಶ, ತಡ ಮಾಡಿದರೆ ಸೊಸೆಯ ತವರು! ಸಾಹುಕಾರ ಚಕ್ರದ ವಾಕರ್ ತಂದ. ಮಗು ಅದರಲ್ಲಿ ಸುಯ್ ಅಂತ ಮೆಟ್ಟಿಲಿನ ಅಂಚಿಗೇ ಹೋಯಿತು. ಸೊಸೆ ಓಡಿ ಹಿಡಿದಳು. ವಾಕರ್ ಅಟ್ಟ ಸೇರಿತು, ಮಗು ಮತ್ತೆ ಸೊಂಟ ಸೇರಿತು.

ಕೊನೆಗೆ ಸಾಹುಕಾರ ಹೊಸ್ತಿಲು ದಾಟಿಸುವುದಕ್ಕೆ ದಿನ ಗೊತ್ತು ಮಾಡಿ ನೆಂಟರನ್ನು ಕರೆದ. ದಾಟಬೇಕಾದ್ದು ಮಗು, ಮುಹೂರ್ತ ಇಟ್ಟದ್ದು ಅಜ್ಜ! ಹೊಸ್ತಿಲ ಬಳಿ ಬೆಳ್ಳಿ ಗಿಲಕಿ ಇಟ್ಟು ಮಗುವನ್ನು ಚಾಪೆಗೆ ಬಿಟ್ಟರು. ಮಗು "ಊಂ" ಅಂದಿತು, ಅಜ್ಜಿ ಎತ್ತಿಕೊಂಡರು. ಮತ್ತೆ ಬಿಟ್ಟರು. ತುಟಿ ಉಬ್ಬಿಸಿತು, ಸೋದರತ್ತೆ ಎತ್ತಿಕೊಂಡಳು. ಪಲ್ಲಕ್ಕಿ ಸಿದ್ಧವಾಗಿರುವಾಗ ಯಾವ ರಾಜ ನಡೆದಾನು?

ಬಡಿಸಿದ್ದು ಆರುತ್ತದೆಂದು ಎಲ್ಲರೂ ಎಲೆಗೆ ಕೂತರು. ಕೈಗೆಲ್ಲ ತುಪ್ಪ. ಬಡಿಸುತ್ತಿದ್ದವಳು ಸೊಸೆ, ಮಗು ಚಾಪೆಯ ಮೇಲೆ. ಅದು ಸುತ್ತ ನೋಡಿತು. ಎತ್ತುವವರಿಲ್ಲ. ಮಂಡಿಯೂರಿತು. ಬೆಳ್ಳಿ ಗಿಲಕಿಯನ್ನು ತಿರುಗಿಯೂ ನೋಡದೆ, ಹೊಸ್ತಿಲಾಚೆ ಬಿಟ್ಟಿದ್ದ ಚಪ್ಪಲಿಗಳ ಕಡೆ ಹೊರಟಿತು.

"ಅಯ್ಯೋ, ಯಾರಾದ್ರೂ ಎತ್ಕೊಳ್ರೇ!" ಅಜ್ಜಿ ಕೂಗಿದರು.

"ಯಾರೂ ಏಳ್ಬೇಡಿ ಅತ್ತೆ. ದಾಟ್ಲಿ."

ದಾಟಿತು! ದಾಟಿ ಅಜ್ಜನ ಚಪ್ಪಲಿಯನ್ನೇ ಹಿಡಿದು ಬಾಯಿಗೆ ಒಯ್ಯಿತು. ಸೊಸೆ ಹೋಗಿ ಚಪ್ಪಲಿ ಕಿತ್ತುಕೊಂಡಳು. ನೋಡಿ, ಚಪ್ಪಲಿ ಎತ್ತಿದಳು, ಮಗುವನ್ನು ಎತ್ತಲಿಲ್ಲ.

"ಒಂದೇ ದಿನಕ್ಕೆ ಕಲಿತುಬಿಡ್ತಾ?" ಎಂದರು ಅಜ್ಜಿ.

"ಇಲ್ಲ ಅತ್ತೆ. ಮಧ್ಯಾಹ್ನ ನೀವೆಲ್ಲ ಮಲಗಿದಾಗ ರೂಮಲ್ಲಿ ಚಾಪೆ ಹಾಸಿ ಬಿಡ್ತಿದ್ದೆ. ನಮ್ಮ ಕಡೆಯೋರು ನಿಧಾನ ನೋಡಿ, ನಿಧಾನವಾಗೇ ಕಲಿಸ್ದೆ."

ಅಜ್ಜಿ ಇನ್ನೊಂದು ಹೋಳಿಗೆ ಹಾಕಿಸಿಕೊಂಡರು. ಈ ಸಲ ಇಳಿಯಿತು.

ನಗುತ್ತಿದ್ದೀರಿ. ನಗಿ. ಆಮೇಲೆ ನಿಮ್ಮ ನಿಮ್ಮ ಮಡಿಲು ನೋಡಿಕೊಳ್ಳಿ. ಎತ್ತಿ ಮುದ್ದಾಡಬೇಡಿ ಎಂದು ನಾನು ಹೇಳುತ್ತಿಲ್ಲ. ಅತ್ತರೆ ಎತ್ತಿಕೊಳ್ಳಿ, ಅದಕ್ಕೇ ಮಡಿಲಿರುವುದು. ಆದರೆ ಇಳಿಸುವುದನ್ನೂ ಕಲಿಯಿರಿ. ಎಳೆಗೂಸಾದರೆ ಎಚ್ಚರವಿರುವಾಗ, ನೀವು ಎದುರಿಗೇ ಕೂತು, ಸ್ವಲ್ಪ ಹೊತ್ತು ಬೋರಲು ಹಾಕಿ. ನಿದ್ದೆಗೆ ಮಾತ್ರ ಅಂಗಾತವೇ. ಹರಿದಾಡುವ ಮಗುವಿಗೆ ನೆಲ ಗುಡಿಸಿ, ಗುಂಡಿ, ಮಣಿ, ಕಡಲೆಬೀಜ ಆರಿಸಿ ತೆಗೆದು, ಮೆಟ್ಟಿಲಿಗೆ ತಡೆ ಇಟ್ಟು ಬಿಡಿ. ಚಕ್ರದ ವಾಕರ್ ನಡಿಗೆ ಕಲಿಸುವುದಿಲ್ಲ, ಬೀಳಿಸುತ್ತದೆ. ಎದುರುಮನೆಯ ಮಗುವಿನ ಜೊತೆ ಓಟದ ಪಂದ್ಯ ಕಟ್ಟಬೇಡಿ. ಕೆಲವು ಮಕ್ಕಳು ಅಂಬೆಗಾಲೇ ಇಡದೆ ನಡೆಯುತ್ತವೆ. ಒಂದೂವರೆ ವರ್ಷವಾದರೂ ನಡೆಯದಿದ್ದರೆ ಸೊಸೆಯ ತವರನ್ನು ಕೇಳಬೇಡಿ, ವೈದ್ಯರನ್ನು ಕೇಳಿ.

ಅಗೋ, ಸಭೆಯಲ್ಲಿ ಅಲ್ಲೊಬ್ಬ ತಾಯಿ ಆಗಲೇ ಕೂಸನ್ನು ಜಮಖಾನೆಗೆ ಇಳಿಸಿದರು. ನೇರ ಇತ್ತಲೇ ಬರುತ್ತಿದೆ. ಬರಲಿ, ಬರಲಿ. ನಾನು ನನ್ನ ಕನ್ನಡಕ ಎತ್ತಿಟ್ಟುಕೊಳ್ಳುತ್ತೇನೆ. ನೀವು ಮಗುವನ್ನು ಎತ್ತಬೇಡಿ.