ಮೂರು ಎಲೆ ಪಕ್ಕದವನಿಗೆ

ಬಂದಿರೋ ಹಿರಿಯರಿಗೆ, ನಮ್ಮ ಕಾರ್ಖಾನೆಯ ಎಲ್ಲರಿಗೂ ನಮಸ್ಕಾರ. ಅತ್ತಿಗೆ, ಪುಟ್ಟಿ — ಗಂಡನ್ನ, ಅಪ್ಪನ್ನ ಕಳ್ಕೊಂಡಿರೋ ನಿಮ್ಮೆದುರು ನಿಂತು ಏನು ಹೇಳಲಿ ಅಂತ ಬೆಳಿಗ್ಗೆಯಿಂದ ಒದ್ದಾಡ್ತಿದ್ದೀನಿ. ನಾನು ಲೇತ್ ಮೆಷಿನ್‌ನವನು. ಮೈಕು ಹಿಡಿದು ಅಭ್ಯಾಸ ಇಲ್ಲ.

ನಮ್ಮ ಮೇಸ್ತ್ರಿಯವರು — ಗಡಿಬಿಡಿ ಮೇಸ್ತ್ರಿ, ಅವರ ಮುಖದೆದುರೇ ಹಾಗಂತಿದ್ವಿ — ಎದೆನೋವು ಅಂದ್ರು, ಹೋಗೇಬಿಟ್ರು. ಇನ್ನೂ ಮನಸ್ಸು ಒಪ್ತಿಲ್ಲ.

ಒಂದು ವಿಷಯ ಹೇಳ್ಬೇಕು. ಕ್ರೇನ್ ನಡೆಸೋನು, ಕೆಳಗೆ ಸರಪಳಿ ಕಟ್ಟೋನು — ಇಬ್ಬರೂ ಇಲ್ಲೇ ಕೂತಿದ್ದಾರೆ, ಹೇಳು ಅಂತ ಅವರೇ ಅಂದ್ರು. ಒಂದಿನ ಕ್ರೇನಿಗೆ ನೇತಾಡ್ತಿದ್ದ ಕಬ್ಬಿಣದ ತೊಲೆ ತೂಗಿ, ಸರಪಳಿಯವನ ಕಿವಿ ಪಕ್ಕದಲ್ಲೇ ಹಾದುಹೋಯ್ತು. "ನೀನು ನೋಡ್ಲಿಲ್ಲ." "ನೀನು ಸರಿಯಾಗಿ ಕಟ್ಲಿಲ್ಲ." ಅಲ್ಲಿಗೆ ಮಾತು ಬಂದ್! "ಎತ್ತು", "ಇಳಿಸು" ಅನ್ನೋದನ್ನೂ ಮಧ್ಯೆ ನಾನು ಕೂಗಿ ಹೇಳ್ಬೇಕು. ಮೇಸ್ತ್ರಿಗೆ ಊಟ ಸೇರ್ತಿರ್ಲಿಲ್ಲ. ಸುಮ್ಮನೆ ಆ ಕ್ರೇನ್ ಕೆಳಗೆ ಅತ್ತಿಂದಿತ್ತ, ಇತ್ತಿಂದತ್ತ.

ಒಂದು ಭಾನುವಾರ ಮಧ್ಯಾಹ್ನ ನಮ್ಮ ಮೂವರನ್ನೂ ಮನೆಗೆ ಕರೆದ್ರು. ಇಸ್ಪೀಟ್! ದುಡ್ಡಿಲ್ಲ, ಪಣಕ್ಕೆ ಹಳೇ ನಟ್ಟುಗಳು. "ಪೋಕರ್ರೇ, ಆದ್ರೆ ಬೇರೆ ಥರ" ಅಂದ್ರು. ಏಳೇಳು ಎಲೆ ಹಂಚೋದು. ಅದರಲ್ಲಿ ಮೂರನ್ನ ಎಡಗಡೆಯವನಿಗೆ ಕೊಡ್ಬೇಕು, ಬಲಗಡೆಯವನಿಂದ ಮೂರು ತಗೋಬೇಕು. ಆಮೇಲೆ ಆಟ. ಜೊತೆಗೆ ಅವರದೇ ಒಂದು ನಿಯಮ — ಮುಖ ನೋಡಿ "ಕೊಟ್ಟೆ" ಅನ್ಬೇಕು, ಅವನು "ತಗೊಂಡೆ" ಅನ್ಬೇಕು.

ಕ್ರೇನಿನವನ ಎಡಗಡೆ ಯಾರನ್ನ ಕೂರಿಸಿದ್ರು? ಹೇಳ್ಬೇಕಾ?

ಕ್ರೇನಿನವನು ಎಲೆ ತಳ್ಳಿದ, "ಕೊಟ್ಟೆ" ಅನ್ಲಿಲ್ಲ. ಮೇಸ್ತ್ರಿ ವಾಪಸ್ ತಳ್ಳಿದ್ರು. ಮತ್ತೆ ತಳ್ಳಿದ. ಮತ್ತೆ ವಾಪಸ್. ಅತ್ತಿಗೆ ತಂದ ಟೀ ಆರಿಹೋಯ್ತು. ಸರಪಳಿಯವನು ಎಲೆ ಬಿಸಾಕಿ ಎದ್ದೇಬಿಟ್ಟ.

"ಹೋಗು," ಅಂದ್ರು ಮೇಸ್ತ್ರಿ. "ಆದ್ರೆ ನಾಳೆಯಿಂದ ಆ ಕಬ್ಬಿಣದ ಕೆಳಗೆ ನಿನ್ನ ನಿಲ್ಸಲ್ಲ, ಇವನನ್ನ ಮೇಲೆ ಹತ್ತಿಸಲ್ಲ. ನಿನ್ನ ಹೆಂಡತಿಗೆ ಸುದ್ದಿ ಹೇಳೋ ಕೆಲಸ ನನ್ನ ಕೈಲಾಗಲ್ಲ ಕಣೋ."

ದನಿ ಒಡೆದಿತ್ತು. ಅವರನ್ನ ಹಾಗೆ ನಾನು ಕಂಡೇ ಇರ್ಲಿಲ್ಲ.

ಆಗ ಕ್ರೇನಿನವನು — ತಲೆ ತಗ್ಗಿಸಿಕೊಂಡೇ — "ಅವತ್ತು ಮಗು ಆಸ್ಪತ್ರೆಲಿತ್ತು. ನಿದ್ದೆ ಇರ್ಲಿಲ್ಲ. ನಾನು ನೋಡ್ಲಿಲ್ಲ, ನಿಜ" ಅಂದ.

ಸರಪಳಿಯವನು ನಿಂತಲ್ಲೇ ನಿಂತ. "ಥೂ, ಅವತ್ತೇ ಹೇಳಕ್ಕೇನಾಗಿತ್ತು ನಿಂಗೆ? ರಜ ಹಾಕಿಸ್ತಿದ್ವಲ್ಲೋ!"

"ನೀನು ಬೈತಾ ಇದ್ದೆ."

"ಬೈದೆ! ಸಾಯ್ತಿದ್ದೆ ನಾನು!"

ಜಗಳ ಜೋರಾಯ್ತು, ಪಕ್ಕದ ಮನೆಯವರು ಇಣುಕಿದ್ರು. ಮೇಸ್ತ್ರಿ ತಡೀಲಿಲ್ಲ. ಕೊನೆಗೆ ಸರಪಳಿಯವನು ಕೂತ, ಕೈ ಚಾಚಿದ. ಕ್ರೇನಿನವನು ಮುಖ ನೋಡಿ "ಕೊಟ್ಟೆ" ಅಂದ, ಇವನು "ತಗೊಂಡೆ" ಅಂದ. ಆ ಮೂರೆಲೆಯಲ್ಲಿ ಎರಡು ರಾಜ ಇದ್ವು — ಸಿಟ್ಟಲ್ಲಿ ನೋಡದೆ ಕೊಟ್ಟಿದ್ದಾನೆ ಆ ಕ್ರೇನಿನ ಮಹರಾಯ! ಸರಪಳಿಯವನೇ ಗೆದ್ದ. ಮಾರನೇ ದಿನ ನಾನು ಕೂಗೋ ಕೆಲಸ ತಪ್ತು.

ಆದ್ರೆ ನನಗೆ ಸಮಾಧಾನ ಇಲ್ಲ. ನಾಳೆ ಕ್ರೇನ್ ಮತ್ತೆ ಏಳುತ್ತೆ. ನಮ್ಮಲ್ಲಿ ಯಾರು ಯಾರ ಜೊತೆ ಮುನಿಸಿಕೊಂಡಿದ್ದಾರೆ ಅಂತ ಇನ್ನು ನೋಡೋರ್ಯಾರು? ಈ ಸಭೆಯಲ್ಲೂ ಬೆನ್ನು ತಿರುಗಿಸಿ ಕೂತೋರಿದ್ದೀರಿ, ಕಾಣ್ತಿದೆ ನನಗೆ.

ಎಲ್ಲರೂ ಎದ್ದು ನಿಲ್ಲಿ. ಅವರಿಗಾಗಿ ಒಂದು ನಿಮಿಷ ಮೌನ — ಒಂದೇ ನಿಮಿಷ. ಆಮೇಲೆ ಯಾರೂ ಸುಮ್ಮನಿರಬೇಡಿ.